ನೇರ ಮೂರನೇ ಚರಣಕ್ಕೆ: ತುಮಕೂರಿನ ಒಂದು ಹಾಡುನಾಟಕದ ಆಡಿಷನ್, ಒಂದು ಪ್ರಕರಣ

ಅಭ್ಯರ್ಥಿಗೆ 24 ವರ್ಷ, ಊರು ಕ್ಯಾತ್ಸಂದ್ರ. ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಪಾಸಾಗಿದೆ, ಸೀನಿಯರ್ ಪಾಠ ಅರ್ಧಕ್ಕೆ ನಿಂತಿದೆ. ಕಾಲೇಜಿನಲ್ಲಿ ಎರಡು ನಾಟಕ ಮಾಡಿದ್ದಾಳೆ, ಎರಡರಲ್ಲೂ ಮೇಳದಲ್ಲಿ. ಊರೂರು ತಿರುಗಿ ಆಡುವ ಹಾಡುನಾಟಕಕ್ಕೆ ನಟರನ್ನು ಆರಿಸಲು ತಂಡವೊಂದು ತುಮಕೂರಿನ ಶಾಲೆಯೊಂದರ ಸಭಾಂಗಣದಲ್ಲಿ ಆಡಿಷನ್ ಕರೆದಿತ್ತು. ಆಕೆಯ ಕಣ್ಣು ಹೂವಾಡಗಿತ್ತಿಯ ಪಾತ್ರದ ಮೇಲೆ. ನಲವತ್ತು ದಾಟಿದ, ಬಾಯಿ ಜೋರಿನ, ಮೊಳ ಹಾಕುವಾಗ ಬೆರಳಷ್ಟು ಉಳಿಸಿಕೊಳ್ಳುವ ಹೆಂಗಸು. ಆಕೆಗೆ ನಾಲ್ಕು ಹಾಡು, ನಾಲ್ಕೂ ಮಾತು ಬೆರೆತವು.

ಕರೆಯಲ್ಲಿದ್ದ ಷರತ್ತುಗಳು ಇಷ್ಟೇ: ಒಂದು ರಂಗಗೀತೆ, ಒಂದು ಇಷ್ಟದ ಹಾಡು, ಒಂದೊಂದಕ್ಕೆ ಒಂದು ನಿಮಿಷ. ಹಾರ್ಮೋನಿಯಂ, ತಬಲ ತಂಡದವೇ. ಮೊಬೈಲ್ ಟ್ರ್ಯಾಕ್ ಬೇಡ. ಆಕೆಗೆ ತಯಾರಿ ಮಾಡಿಸುವವರ ಕೈಯಲ್ಲಿದ್ದದ್ದು ಹನ್ನೆರಡು ದಿನ.

ಒಂದು ನಿಮಿಷ ಕಡಿಮೆಯಾಯಿತು ಎಂದು ಬಹಳ ಜನ ಗೊಣಗುತ್ತಾರೆ. ಅಮೆರಿಕದ ಬ್ರಾಡ್‌ವೇ ಹಾಡುನಾಟಕಗಳ ಆಡಿಷನ್‌ನಲ್ಲಿ ಹದಿನಾರು ಬಾರ್, ಅಂದರೆ ತಾಳದ ಹದಿನಾರು ಸಣ್ಣ ತುಂಡು, ಕೇಳುವುದು ರೂಢಿ. ಬಾರ್‌ಗೆ ನಾಲ್ಕು ಪೆಟ್ಟಿನಂತೆ 64 ಪೆಟ್ಟು, ನಿಮಿಷಕ್ಕೆ 96 ಪೆಟ್ಟಿನ ನಡೆಯಲ್ಲಿ ಬರೀ 40 ಸೆಕೆಂಡ್. ನಮ್ಮ ಲೆಕ್ಕದಲ್ಲಿ ಎಂಟು ಪೆಟ್ಟಿನ ಆದಿತಾಳದ ಎಂಟು ಆವರ್ತ, ಅಂದರೆ ಎಂಟು ಸುತ್ತು. ಒಂದು ನಿಮಿಷ ಕೊಟ್ಟವರು ಉದಾರಿಗಳೇ.

ಮೊದಲು ಆರಿಸಿದ ಹಾಡು, ಅದು ಕೂರದ ಕಾರಣ

ಆಕೆ ಮೊದಲು ಹಿಡಿದುಕೊಂಡದ್ದು ಹಳೆಯ ಸಿನಿಮಾದ ನಿಧಾನಗತಿಯ ಒಂದು ವಿರಹಗೀತೆ. ಮದುವೆ ಮನೆಗಳಲ್ಲಿ ಅದನ್ನು ಹಾಡಿ ಮೆಚ್ಚುಗೆ ಗಿಟ್ಟಿಸಿದ್ದಳು. ಷರತ್ತಿನಲ್ಲಿ ಇಷ್ಟದ ಹಾಡಿಗೆ ಸಿನಿಮಾ ಬೇಡ ಎಂದೇನೂ ಇರಲಿಲ್ಲ. ಎಡವಟ್ಟು ಇದ್ದದ್ದು ಬೇರೆ ಕಡೆ, ಅದು ಹಾರ್ಮೋನಿಯಂ ಮುಂದೆ ಕೂತ ಹತ್ತು ನಿಮಿಷದಲ್ಲೇ ಬಯಲಾಯಿತು.

ಮೊದಲು ದನಿಯ ಅಳತೆ. ಹಾರ್ಮೋನಿಯಂನ ಒಂದೊಂದು ಸ್ಥಾಯಿಯಲ್ಲಿ ಏಳು ಬಿಳಿ, ಐದು ಕಪ್ಪು ಕೀ, ಎರಡರ ಎಣಿಕೆಯೂ ಬೇರೆಬೇರೆ. ಹಾರ್ಮೋನಿಯಂನ ನಡುವಿನ ಬಿಳಿ ಒಂದರಿಂದ ಶುರು ಮಾಡಿ ಒಂದೊಂದೇ ಕೀ ಕೆಳಗಿಳಿಯುತ್ತಾ 'ಆ' ಎನ್ನುವುದು. ದನಿ ಗಾಳಿಯಾಗುವ ಜಾಗಕ್ಕಿಂತ ಒಂದು ಕೀ ಮೇಲೆ ಗುರುತು. ಆಮೇಲೆ ಮೇಲಕ್ಕೆ, ಗಲ್ಲ ಎತ್ತದೆ, ಕತ್ತಿನ ನರ ಉಬ್ಬದೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿ ಇನ್ನೊಂದು ಗುರುತು. ಈ ಪರೀಕ್ಷೆಯನ್ನು ಬೆಳಗಿನ ಸಾಧಕ ಮುಗಿದ ಮೇಲೆ ಮಾಡಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಆಡಿಷನ್ ದಿನ ಗಂಟಲು ಹೇಗಿರುತ್ತದೋ ಹಾಗಿರುವಾಗ, ಬಸ್ಸಿಳಿದು ಬಂದು ಒಂದು ಗಂಟೆ ಕಾದ ಮೇಲೆ ಮಾಡಬೇಕು. ಆಕೆಗೆ ಸಿಕ್ಕದ್ದು ಮಂದ್ರದ (ಕೆಳಗಿನ ಸ್ಥಾಯಿಯ) ಬಿಳಿ ಐದರಿಂದ ತಾರದ (ಮೇಲಿನ ಸ್ಥಾಯಿಯ) ಬಿಳಿ ಒಂದರವರೆಗೆ, ಕಪ್ಪು ಬಿಳಿ ಎಲ್ಲ ಸೇರಿ 18 ಕೀ.

ಇನ್ನು ಹಾಡಿನ ಅಳತೆ. ಧ್ವನಿಮುದ್ರಣದ ಶ್ರುತಿ, ಅಂದರೆ ಹಾಡಿನ 'ಸ' ನಿಲ್ಲುವ ಕೀ, ಕಪ್ಪು ಎರಡು. ಎರಡನೇ, ಮೂರನೇ ಬಿಳಿಯ ನಡುವೆ ಇರುವುದರಿಂದ ಸಂಗೀತದ ಮೇಷ್ಟ್ರು ಇದನ್ನು ಎರಡೂವರೆ ಮನೆ ಎನ್ನುತ್ತಾರೆ. ಹಾಡು ಮಂದ್ರ ಪಂಚಮದಿಂದ (ಪ) ತಾರ ಗಾಂಧಾರದವರೆಗೆ (ಗ) ಓಡಾಡುತ್ತದೆ. ಎಣಿಸಿದರೆ 22 ಕೀ. 'ಶ್ರುತಿ ಇಳಿಸಿಕೊಂಡರಾಯಿತು' ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಏಳು ಕೀ ಇಳಿಸಿ ಐದೂವರೆ ಮನೆಗೆ ತಂದರೆ ಮೇಲಿನ ತುದಿ ಅವಳ ಗುರುತಿಗೆ ಸರಿಯಾಗಿ ಮುಟ್ಟುತ್ತದೆ, ಕೆಳಗಿನ ನಾಲ್ಕು ಕೀ ಕೇಳಿಸದೇ ಹೋಗುತ್ತವೆ. ಇಪ್ಪತ್ತೆರಡು ಮೊಳದ ಸೀರೆಯನ್ನು ಹದಿನೆಂಟು ಮೊಳದ ಹಗ್ಗಕ್ಕೆ ಹರವಿದಂತೆ, ಎತ್ತ ಎಳೆದರೂ ಒಂದು ಕಡೆ ನೆಲಕ್ಕೆ ತಾಗುತ್ತದೆ. ಶ್ರುತಿ ಬದಲಿಸುವುದರಿಂದ ಹಾಡು ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ಕುಗ್ಗುವುದಿಲ್ಲ.

ಇದಲ್ಲದೆ ಹಾಡಿನ ಮುನ್ನುಡಿ ಸಂಗೀತವೇ 35 ಸೆಕೆಂಡ್. ಅದನ್ನು ಕತ್ತರಿಸಿದರೂ ಉಳಿಯುವುದು ನಿಟ್ಟುಸಿರು. ಹಾಡಿನಲ್ಲಿ ಎದುರಿಗೆ ಯಾರೂ ಇಲ್ಲ, ಕೇಳುವುದೇನೂ ಇಲ್ಲ, ಮೊದಲ ಸಾಲಿನಲ್ಲಿದ್ದ ಮನಸ್ಸೇ ಕೊನೆಯ ಸಾಲಿನಲ್ಲೂ ಇದೆ. ಮೇಜಿನ ಆಚೆ ಕೂತವರಿಗೆ ದನಿ ಕೇಳಿಸೀತು, ಹೂವಾಡಗಿತ್ತಿ ಕಾಣಳು.

ಪಕ್ಕಕ್ಕಿಟ್ಟ ಹಾಡುಗಳು

ಎರಡು ದಿನದಲ್ಲಿ ಪಟ್ಟಿಗೆ ಬಂದು ಹೋದವು ಹಲವು. ಭಾವಗೀತೆ: ಬಣ್ಣನೆ ಚೆನ್ನ, ಆದರೆ ಆಡುವವಳಿಗೆ ಕೆಲಸವಿಲ್ಲ. ದಾಸರ ಪದ: ಸಂಗೀತ ಕಲಿತು ಬರುವ ಬಹಳ ಜನ ಅದನ್ನೇ ತರುತ್ತಾರೆ. ಸೋಬಾನೆ: ಒಬ್ಬರು ಎತ್ತಿ ಉಳಿದವರು ಹಿಡಿಯುವ ಹಾಡು, ಒಂಟಿಯಾಗಿ ಹಾಡಿದರೆ ಅರ್ಧ ಖಾಲಿ.

ಪೌರಾಣಿಕ ನಾಟಕದ ದ್ರೌಪದಿಯ ಹಾಡಿನ ಬಗ್ಗೆ ಮಾತ್ರ ಒಂದಿಷ್ಟು ಹೇಳಬೇಕು. ತುಮಕೂರು ಸೀಮೆಯಲ್ಲಿ ಇದು ಎಲ್ಲರಿಗೂ ಮೊದಲು ಹೊಳೆಯುವ ಆಯ್ಕೆ. ಹಳ್ಳಿಹಳ್ಳಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಟ್ಟು, ರಾತ್ರಿಯಿಡೀ ಆಡುವ ಕುರುಕ್ಷೇತ್ರ ನೋಡಿ ಬೆಳೆದ ಕಿವಿಗಳು ಇವು. ಆದರೆ ಆ ಹಾಡಿನ ಕಟ್ಟೋಣವೇ ಬೇರೆ. ಮೊದಲು ತಾಳವಿಲ್ಲದ ಕಂದ ಪದ್ಯ, ಅದರಲ್ಲೇ ಅರ್ಧ ನಿಮಿಷ ಹೋಯಿತು. ಆಮೇಲೆ ಪ್ರತಿ ಸಾಲೂ ಎರಡು ಮೂರು ಸಲ, ನಡುವೆ ಹಾರ್ಮೋನಿಯಂ ಮೇಷ್ಟ್ರ ಕೈಚಳಕ, ಜನ ಒನ್ಸ್ ಮೋರ್ ಎಂದರೆ ಇನ್ನೊಮ್ಮೆ. ಆಟದ ಬಯಲಿನಲ್ಲಿ ಇದು ಹಬ್ಬ. ಒಂದು ನಿಮಿಷದ ಕೋಣೆಯಲ್ಲಿ ಒಂದೇ ಸಾಲನ್ನು ಮೂರು ಸಲ ಕೇಳಿದವರಿಗೆ ಎರಡನೆಯ ಸಲದಲ್ಲಿ ಹೊಸದೇನೂ ಸಿಗುವುದಿಲ್ಲ. ಅಲ್ಲದೆ ಆ ಹಾಡು ಶುರುವಾಗುವುದೇ ಕೋಪದ ನೆತ್ತಿಯಲ್ಲಿ, ಅಲ್ಲಿಂದ ಏರಲು ಮೆಟ್ಟಿಲಿಲ್ಲ.

ಸಿಕ್ಕಿದ ಹಾಡು

ಕೊನೆಗೆ ಕೈಗೆ ಬಂದದ್ದು ಹಳೆಯ ಕಂಪನಿ ನಾಟಕದ ಮಟ್ಟು. ಅರಸಿಯ ಸಖಿ, ಬಾಗಿಲಲ್ಲಿ ಓಲೆ ಹಿಡಿದು ನಿಂತ ದೂತನನ್ನು ತಡೆದು, ಗೇಲಿ ಮಾಡಿ, ಅವನ ಬಾಯಿಂದ ಸುದ್ದಿ ಹೊರಡಿಸುತ್ತಾಳೆ. ಕಸುಬು ಹೂವಿನದಲ್ಲ, ಬುದ್ಧಿ ಮಾತ್ರ ಹೂವಾಡಗಿತ್ತಿಯದೇ. ಹೀಗಿರುವುದೇ ಒಳ್ಳೆಯದು. ತಂಡದವರೇ ಕೇಳದ ಹೊರತು ಆಡಿಷನ್ ಕರೆದ ನಾಟಕದ ಹಾಡನ್ನೇ ಹಾಡಬಾರದು, ಹೂ ಮಾರುವ ಇನ್ನೊಂದು ಹಾಡು ತಂದರೆ ನಿರ್ದೇಶಕರ ತಲೆಯಲ್ಲಿರುವ ಹಾಡಿನೊಂದಿಗೆ ಜಗಳ ಶುರುವಾಗುತ್ತದೆ.

ಹಳೆಯ ಧ್ವನಿಮುದ್ರಣ ಸಿಕ್ಕಿತೆಂದು ಅದರ ಶ್ರುತಿಯನ್ನೇ ಹಿಡಿಯಬೇಕಿಲ್ಲ. ಗುಬ್ಬಿ ಕಂಪನಿ ಕಟ್ಟಿದ್ದು 1884ರಲ್ಲಿ, ತುಮಕೂರಿನಿಂದ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ. ಆ ಕಾಲದ ರಂಗದ ಮೇಲೆ ಮೈಕ್ ಇರಲಿಲ್ಲ. ಕೊನೆಯ ಸಾಲಿನ ಚಾಪೆಯವರಿಗೂ ಕೇಳಬೇಕೆಂದರೆ ಎತ್ತರದ ಶ್ರುತಿಯೇ ಗತಿ. ಆಮೇಲೆ ಬಂದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷವೇ ಜಾಗ, ಹಾಗಾಗಿ ಹಾಡನ್ನು ಓಡಿಸಿಯೂ ಇರುತ್ತಾರೆ. ಆ ತಟ್ಟೆಯನ್ನು ಮತ್ತೆ ನುಡಿಸಿ ಮೊಬೈಲಿಗೆ ಇಳಿಸುವಾಗ ವೇಗ ಹೆಚ್ಚುಕಮ್ಮಿಯಾದರೆ ಶ್ರುತಿ ಎರಡು ಕೀಗಳ ನಡುವೆ ನೇತಾಡುತ್ತದೆ. ಎತ್ತರ ಆ ಕಾಲದ ಅಗತ್ಯ, ಓಟ ತಟ್ಟೆಯ ಅಗತ್ಯ. ಮಟ್ಟು ಮಾತ್ರ ಹಾಡಿನದು.

ಪೂರ್ತಿ ಹಾಡು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್: ಪಲ್ಲವಿ, ಮೂರು ಚರಣ. ಮೊದಲ ಚರಣದಲ್ಲಿ ದೂತನ ವೇಷದ ಬಣ್ಣನೆ. ಎರಡನೆಯದರಲ್ಲಿ ಅವನ ಮೀಸೆಯ ಗೇಲಿ, ಮಟ್ಟು ತಾರ ಷಡ್ಜಕ್ಕೆ (ಮೇಲಿನ 'ಸ') ಏರುವುದು ಅಲ್ಲೇ. ಮೂರನೆಯದರಲ್ಲಿ ಅವನಿಗೆ ಓದಲು ಬಾರದು ಎಂಬುದು ಗೊತ್ತಾಗಿ ಸಖಿಯ ದನಿ ತಿರುಗುತ್ತದೆ, ಗೇಲಿ ಮಾಡುತ್ತಿದ್ದವಳು ಓಲೆ ಕಿತ್ತುಕೊಳ್ಳುವ ಉಪಾಯಕ್ಕೆ ಇಳಿಯುತ್ತಾಳೆ. ಹಾಡಿನಲ್ಲಿ ಏನಾದರೂ ನಡೆಯುವುದು ಈ ಚರಣದಲ್ಲಿ ಮಾತ್ರ. ಸಾಮಾನ್ಯವಾಗಿ ಎಲ್ಲರೂ ಪಲ್ಲವಿ, ಮೊದಲ ಚರಣ ಹಾಡಿ ನಿಲ್ಲಿಸುತ್ತಾರೆ, ಅಂದರೆ ಬಣ್ಣನೆ ಒಪ್ಪಿಸಿ ಹೊರಡುತ್ತಾರೆ. ಆಕೆಗೆ ಹೇಳಿದ್ದು: ಪಲ್ಲವಿ ಒಂದೇ ಸಲ, ನೇರ ಮೂರನೇ ಚರಣ.

ಇದರಿಂದ ಇನ್ನೊಂದು ಲಾಭ ತಾನಾಗಿ ಒದಗಿತು. ತಾರ ಷಡ್ಜ ಎರಡನೇ ಚರಣದ ಜೊತೆಗೇ ಹೋಯಿತು. ಉಳಿದ ತುಂಡು ಮಂದ್ರ ಧೈವತದಿಂದ (ದ) ಕೈಶಿಕಿ ನಿಷಾದದವರೆಗೆ (ತಾರ ಷಡ್ಜಕ್ಕಿಂತ ಎರಡು ಕೀ ಕೆಳಗಿನ ನಿ), 14 ಕೀ. ಬಿಳಿ ಒಂದರ ಶ್ರುತಿಯಲ್ಲಿ ಹಾಡಿದರೆ ಕೆಳಗೆ ಬಿಳಿ ಆರು, ಮೇಲೆ ಕಪ್ಪು ಐದು. ಅವಳ ಗುರುತಿಗಿಂತ ಮೇಲೂ ಕೆಳಗೂ ಎರಡೆರಡು ಕೀ ಉಳಿತಾಯ. ಗಾಬರಿಯಲ್ಲಿ ಮೇಲಿನ ಒಂದೆರಡು ಸ್ವರ ಕೈಕೊಡುವುದು ಸಹಜ, ಆ ಎರಡು ಕೀ ಅದಕ್ಕೆ ಇಟ್ಟ ಮುಡಿಪು.

ಬಿಳಿ ಒಂದನ್ನೇ ಆರಿಸಲು ತಬಲವೂ ಕಾರಣ. ಐದೂವರೆ ಅಂಗುಲ ಬಾಯಿಯ ತಬಲ ಸಾಮಾನ್ಯವಾಗಿ ಕಪ್ಪು ಒಂದರ ಶ್ರುತಿಗೆ ಕೂಡುತ್ತದೆ. ಅಲ್ಲಿಂದ ಒಂದು ಕೀ ಇಳಿಸುವುದು ಸುತ್ತಿಗೆಯ ಐದು ನಿಮಿಷದ ಕೆಲಸ. ಮೂರು ನಾಲ್ಕು ಕೀ ಇಳಿಸಿದರೆ ಚರ್ಮ ಸಡಿಲಗೊಂಡು ನಾದ ಸತ್ತುಹೋಗುತ್ತದೆ. ಕಪ್ಪು ಐದರ ಶ್ರುತಿ ಕೇಳಿದವರ ಹಿಂದೆ ಕಪ್ಪು ಒಂದರ ತಬಲ ಬಾರಿಸಿದರೆ ತಬಲ ಅವರ ಸಾಧಾರಣ ಗಾಂಧಾರದಲ್ಲಿ ('ಸ'ಕ್ಕಿಂತ ಮೂರು ಕೀ ಮೇಲಿನ ಗ) ಕೂಗುತ್ತಿರುತ್ತದೆ. ರಾಗದಲ್ಲಿ ಅಂತರ ಗಾಂಧಾರ (ನಾಲ್ಕು ಕೀ ಮೇಲಿನದು) ಇದ್ದರೆ ಹಾಡುವವರೇ ಅಪಸ್ವರ ಎಂಬಂತೆ ಕೇಳುತ್ತದೆ.

ಐವತ್ತೆರಡೂವರೆ ಸೆಕೆಂಡ್

ತಾಳ ಕೆಹರ್ವಾ, ಆವರ್ತಕ್ಕೆ ಎಂಟು ಮಾತ್ರೆ, ಅಂದರೆ ಎಂಟು ಪೆಟ್ಟು. ನಿಮಿಷಕ್ಕೆ 96 ಮಾತ್ರೆಯ ನಡೆ ಹಿಡಿದರೆ ಒಂದು ಆವರ್ತ ಸರಿಯಾಗಿ ಐದು ಸೆಕೆಂಡ್, ಲೆಕ್ಕ ಬೆರಳಲ್ಲೇ ಸಿಗುತ್ತದೆ. ಹಾರ್ಮೋನಿಯಂ ಎತ್ತಿಕೊಡಲು ಅರ್ಧ ಆವರ್ತ, ಪಲ್ಲವಿ ಎರಡು, ಚರಣದ ಮೊದಲ ಸಾಲುಗಳು ನಾಲ್ಕು, ಮಾತು ಒಂದು, ಚರಣದ ಕೊನೆಯ ಸಾಲು ಒಂದು, ಪಲ್ಲವಿಗೆ ಮರಳಿ ನಿಲುಗಡೆ ಎರಡು. ಒಟ್ಟು ಹತ್ತೂವರೆ ಆವರ್ತ.

ಕಷ್ಟ ಕೊಟ್ಟದ್ದು ಆ ಒಂದು ಆವರ್ತದ ಮಾತು. ತಬಲದ ಠೇಕಾ (ತಾಳದ ಮೂಲ ಬಡಿತ) ನಡೆಯುತ್ತಿರುವಾಗ ಸಖಿ ಆಡುವ ಮಾತು ಹೆಚ್ಚುಕಡಿಮೆ ಹೀಗೆ: 'ಓದಕ್ಕೆ ಬರಲ್ಲ ಅಂತ ಮೊದ್ಲೇ ಹೇಳಬಾರ್ದಾಗಿತ್ತಾ?' ಮಾತಾಡಿ ಮತ್ತೆ ಹಾಡಿಗೆ ಬರುವಾಗ ಪ್ರತಿ ಸಲವೂ ಆಕೆ ಒಂದು ಕೀ ಕೆಳಗೆ ಬರುತ್ತಿದ್ದಳು. ಮಾತಿಗೆ ಇಳಿದ ದನಿಗೆ ಷಡ್ಜ ಮರೆತಿರುತ್ತದೆ. ಕಣ್ಣು ಮುಚ್ಚಿ ಶ್ರುತಿ ಹುಡುಕಿದರೆ ಪಾತ್ರ ಸತ್ತಂತೆ. ದಾರಿ ಸಿಕ್ಕಿದ್ದು ಮಾತಿನೊಳಗೇ. ಕನ್ನಡದಲ್ಲಿ ಹೀಗೆ ಮೂದಲಿಸಿ ಕೇಳುವಾಗ ಕೊನೆಯ 'ಆ' ತಾನಾಗಿ ಮೇಲಕ್ಕೆ ಏರುತ್ತದೆ. ಆ 'ತ್ತಾ' ಅಕ್ಷರವನ್ನು ಪಂಚಮದ ಮೇಲೆ ಇಳಿಸಿದರೆ ಸಾಕು. ಮುಂದಿನ ಸಾಲು ಎತ್ತುವುದೂ ಪಂಚಮದಿಂದಲೇ, ಮಾತಿನ ಬಾಲ ಹಿಡಿದೇ ಹಾಡು ಶುರುವಾಗುತ್ತದೆ. ಮೂರು ದಿನ, ದಿನಕ್ಕೆ ಇಪ್ಪತ್ತು ಸಲ ಬರೀ ಈ ಜೋಡಣೆಯನ್ನೇ ಮಾಡಿದ ಮೇಲೆ ಕೂತಿತು.

ಕರ್ನಾಟಕ ಸಂಗೀತದ ಅಭ್ಯಾಸ ಒಂದು ಕಡೆ ಕೈ ಹಿಡಿದು ಇನ್ನೊಂದು ಕಡೆ ಕಾಲೆಳೆಯಿತು. ಗಮಕ, ಅಂದರೆ ಸ್ವರದ ಅಲುಗಾಟ, ಹೆಚ್ಚಾದಾಗ ಅಕ್ಷರ ಮುಳುಗುತ್ತದೆ. ಕಂಪನಿ ಮಟ್ಟುಗಳಲ್ಲಿ ಎಷ್ಟೋ ಬೇರೆ ಕಡೆಯಿಂದ ಬಂದ ಧಾಟಿಗಳು, ಅದರೊಳಗೆ ಕನ್ನಡದ ಮಾತು ಸುರಿದದ್ದು. ಆದ್ದರಿಂದ ಹ್ರಸ್ವ ಅಕ್ಷರ ದೀರ್ಘ ಸ್ವರದ ಮೇಲೆ ಬೀಳುವುದುಂಟು. ಈ ಹಾಡಿನಲ್ಲಿ 'ಬಳೆ' ಎಂಬ ಮಾತಿನ 'ಬ' ಎರಡು ಮಾತ್ರೆ ಎಳೆಯುತ್ತಿತ್ತು, ಕೇಳಿದವರಿಗೆ ಬಾಳೆ ಆಯಿತು. 'ಬ'ವನ್ನು ಮೊಟಕಾಗಿ ಬಿಟ್ಟು ಎಳೆತವನ್ನು 'ಳೆ'ಗೆ ಕೊಟ್ಟಾಗ ಸರಿಹೋಯಿತು. ಮಟ್ಟಿಗೆ ಏನೂ ಆಗಲಿಲ್ಲ.

ಎಂಟನೇ ದಿನ ಒಂದು ಪರೀಕ್ಷೆ. ಹಾಡು ಗೊತ್ತಿಲ್ಲದ ಮೂವರನ್ನು ಇಪ್ಪತ್ತೈದು ಅಡಿ ದೂರ ಕೂರಿಸಿ, ಫ್ಯಾನ್ ಹಾಕಿ, ಕೇಳಿಸಿದ ಮಾತನ್ನು ಬರೆಯಲು ಹೇಳಿದ್ದು. ಮೂವರಲ್ಲಿ ಇಬ್ಬರು 'ವಾಲೆ' ಎಂದು ಬರೆದರು. ಕಿವಿಯ ವಾಲೆ! ಓದುವ ಓಲೆ ಎಂದು ತಿಳಿಯದಿದ್ದರೆ ಓದಲು ಬಾರದವನ ತಮಾಷೆ ತಲುಪುವುದೇ ಇಲ್ಲ. ಪಲ್ಲವಿಯ ಎತ್ತುಗಡೆಯಲ್ಲೇ ದೂತನ ಕೈಯ ಸುರುಳಿಯತ್ತ ಕಣ್ಣು ಹಾಯಿಸಿ, ಎರಡು ಬೆರಳಲ್ಲಿ ಬಿಚ್ಚುವ ಸನ್ನೆ ಸೇರಿಸಿದಳು. ಬೇರೆ ಅಭಿನಯ ಏನೂ ಬೇಡ ಎಂದು ಕೈ ಕಟ್ಟಿಹಾಕಿದ್ದು ಒಳ್ಳೆಯದೇ ಆಯಿತು. ಪಾಠದ ಮನೆಯಿಂದ ಬಂದವರ ಬಲಗೈ ತಾಳ ಹಾಕಲು ತೊಡೆ ಹುಡುಕುತ್ತಿರುತ್ತದೆ.

ಹೂವಾಡಗಿತ್ತಿಯ ವಯಸ್ಸಿನ ವಿಚಾರಕ್ಕೆ ದನಿ ದಪ್ಪ ಮಾಡಿಕೊಳ್ಳುವ ಯತ್ನ ನಡೆದಿತ್ತು. ಬಿಡಿಸಲಾಯಿತು. ಬೆಳಗ್ಗೆ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ನಿಂತರೆ ತಿಳಿಯುತ್ತದೆ, ವ್ಯಾಪಾರದ ಹೆಂಗಸರ ದನಿ ದಪ್ಪವಲ್ಲ, ಮುಂದಕ್ಕೆ ಎಸೆದದ್ದು. ಸಾಲಿನ ಮೊದಲ ಅಕ್ಷರಕ್ಕೆ ಒತ್ತು, ಕೊನೆಯದನ್ನು ಗಾಳಿಗೆ ಬಿಡುವುದು, ಮಾತಾಡುತ್ತಲೇ ಕೈ ಹೂ ಕಟ್ಟುತ್ತಿರುವುದು.

ಇಷ್ಟದ ಹಾಡಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲನೆಯದು ತೋರಿಸದ್ದನ್ನು ತೋರಿಸಲು ಒಂದು ತತ್ವಪದ, ಐದೂವರೆ ಮನೆ, ಮಂದ್ರ ನಿಷಾದದಿಂದ ತಾರ ರಿಷಭ. ತಬಲ ಬೇಡ, ಬರೀ ಶ್ರುತಿ. ಹಾಗಾಗಿ ತಬಲ ಕೂಡುವ ತಾಪತ್ರಯವೂ ಇಲ್ಲ.

ಹಾರ್ಮೋನಿಯಂ ಮೇಷ್ಟ್ರಿಗೆ ಒಂದು ಹಾಳೆ, ರಟ್ಟಿಗೆ ಅಂಟಿಸಿ, ದಪ್ಪ ಅಕ್ಷರದಲ್ಲಿ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ದೀಪ ಹೊಳೆದು ಓದಲಾಗುವುದಿಲ್ಲ. ಅದರಲ್ಲಿದ್ದದ್ದು: 'ಬಿಳಿ ಒಂದು. ಕೆಹರ್ವಾ, ಆವರ್ತಕ್ಕೆ 5 ಸೆಕೆಂಡ್. ಎತ್ತುಗಡೆ ಪ, ಸಮದಿಂದ 2 ಮಾತ್ರೆ ಬಿಟ್ಟು. ಪಲ್ಲವಿ ಒಂದೇ ಸಲ. ನೇರ 3ನೇ ಚರಣ. ಮಾತಿಗೆ ಒಂದು ಆವರ್ತ, ಠೇಕಾ ಮಾತ್ರ, ಹಾರ್ಮೋನಿಯಂ ಸ–ಪ ಮೆಲ್ಲಗೆ. ಕೊನೆ ಪಲ್ಲವಿ, ಸ ಮೇಲೆ ನಿಲುಗಡೆ.' ಸಮ ಎಂದರೆ ಆವರ್ತದ ಮೊದಲ ಪೆಟ್ಟು. ಕೆಳಗೆ ಸ್ವರ ಸಹಿತ ಸಾಹಿತ್ಯ. ನಡೆ ತಿಳಿಸಲು ಚಿಟಿಕೆ ಹೊಡೆಯಬಾರದು, ಹಿರಿಯ ಮೇಷ್ಟ್ರಿಗೆ ಅದು ಅವಮಾನ. ಹತ್ತಿರ ಹೋಗಿ ಪಲ್ಲವಿಯ ಅರ್ಧ ಸಾಲು ಆ ನಡೆಯಲ್ಲೇ ಗುನುಗಿದರೆ ಅವರೇ ಹಿಡಿಯುತ್ತಾರೆ.

ಆ ದಿನ

ತಬಲದವರು ಹಾಳೆ ನೋಡಿ ಆಗದು ಎಂದು ತಲೆಯಾಡಿಸಿದರು. ಬೆಳಗಿನಿಂದ ಕಪ್ಪು ಒಂದಕ್ಕೆ ಕೂಡಿಸಿಟ್ಟಿದ್ದಾರೆ, ಹೊರಗೆ ಸಾಲು ಕಾಯುತ್ತಿದೆ, ಒಬ್ಬರಿಗಾಗಿ ಇಳಿಸಿ ಮತ್ತೆ ಏರಿಸುವುದಿಲ್ಲ. 'ಒಂದೂವರೆಯಲ್ಲೇ ಹಾಡಿ.' ಅಂದರೆ ಕಪ್ಪು ಒಂದರಲ್ಲಿ. ಸುತ್ತಿಗೆಯ ಐದು ನಿಮಿಷ ಮನೆಯಲ್ಲಿ ಐದು ನಿಮಿಷ, ಆಡಿಷನ್‌ನಲ್ಲಿ ಅದು ಇಬ್ಬರು ಮೂವರು ಅಭ್ಯರ್ಥಿಗಳ ಹೊತ್ತು. ಈ ಲೆಕ್ಕ ತಯಾರಿಯಲ್ಲಿ ತಪ್ಪಿಹೋಗಿತ್ತು. ಆದರೆ ಉಳಿಸಿಟ್ಟ ಎರಡು ಕೀಗಳಲ್ಲಿ ಒಂದು ಇಲ್ಲಿ ಖರ್ಚಾಯಿತು. ಮೇಲಿನ ತುದಿ ಬಿಳಿ ಏಳಕ್ಕೆ ಬಂತು, ಇನ್ನೂ ಒಂದು ಕೀ ಕೈಯಲ್ಲಿತ್ತು. ಎರಡನೇ ಚರಣವನ್ನು ಇಟ್ಟುಕೊಂಡಿದ್ದರೆ ತಾರ ಷಡ್ಜ ಅವಳ ಗುರುತನ್ನು ದಾಟಿ ಹೋಗುತ್ತಿತ್ತು.

ರಂಗಗೀತೆ ಪೂರ್ತಿ ಕೇಳಿದರು. ತತ್ವಪದವನ್ನು ಮೂವತ್ತು ಸೆಕೆಂಡಿಗೇ ನಿಲ್ಲಿಸಿದರು. ನಡುವೆ ನಿಲ್ಲಿಸಿದರೆ ಮುಖ ಬಾಡಿಸಿಕೊಳ್ಳುವವರೇ ಹೆಚ್ಚು, ಬೇಕಾದದ್ದು ಸಿಕ್ಕಿದಾಗಲೂ ನಿಲ್ಲಿಸುತ್ತಾರೆ. ಆಮೇಲೆ ಸಖಿಯ ಹಾಡಿಗೇ ಮರಳಿದರು: 'ಬಾಗಿಲಲ್ಲಿ ನಿಂತವನು ನಿಮ್ಮ ಮಗ. ಅದೇ ಸಾಲು ಹಾಡಿ.' ಆಕೆ ನಡೆ ಬದಲಿಸಲಿಲ್ಲ, ಮಾತಿನ ಆವರ್ತವನ್ನು ಮೆಲುದನಿಯಲ್ಲಿ ಆಡಿದಳು. 'ಹೇಳಬಾರ್ದಾಗಿತ್ತಾ' ಗೇಲಿ ಹೋಗಿ ನೋವಾಯಿತು, ಆದರೂ 'ತ್ತಾ' ಪಂಚಮದಲ್ಲೇ ಬಿತ್ತು. ಎದುರಿಗೆ ಒಬ್ಬನಿರುವ ಹಾಡಾದ್ದರಿಂದಲೇ ಹೀಗೆ ಕೇಳಲು ಅವರಿಗೆ ಸಾಧ್ಯವಾದದ್ದು. ವಿರಹಗೀತೆಯಲ್ಲಿ ಯಾರನ್ನು ಬದಲಿಸುವುದು?

ಎಡವಿದ್ದು ಆಮೇಲೆ. 'ಜಗಳ ಇಲ್ಲದ, ಕುಣಿಯೋ ಅಂಥ ಹಾಡು ಇದೆಯಾ?' ಎಂದರು. ತಯಾರಿ ಎರಡೇ ಹಾಡಿನದು. ಬಾಯಿಗೆ ಬಂದ ಸಿನಿಮಾ ಹಾಡನ್ನು ಶ್ರುತಿ ಕೇಳದೆ ಎತ್ತಿದಳು, ಎರಡನೇ ಸಾಲಿಗೆ ದನಿ ಒಡೆಯಿತು. ಮೂರನೆಯ, ನಾಲ್ಕನೆಯ ಹಾಡು ತುಂಡು ಮಾಡಿ, ಶ್ರುತಿ ಬರೆದು ಚೀಲದಲ್ಲಿ ಇರಲೇಬೇಕಿತ್ತು. ಇದು ಆಕೆಯ ತಪ್ಪಿಗಿಂತ ತಯಾರಿ ಮಾಡಿಸಿದವರ ತಪ್ಪು. ಕೊನೆಗೆ ಬರೆದುಕೊಡದೆ, ಹಾಡಿ ತೋರಿಸಿ ಎರಡು ಸಾಲು ಹೊಸ ಮಟ್ಟು ಹೇಳಿಕೊಟ್ಟರು, ಅದನ್ನು ಎರಡನೇ ಸಲಕ್ಕೇ ಒಪ್ಪಿಸಿದಳು. ಜೂನಿಯರ್ ಪಾಠದ ಸರಳೆ, ಜಂಟಿ ವರಸೆಯ ಸ್ವರಾಭ್ಯಾಸ ಉಪಯೋಗಕ್ಕೆ ಬಂದದ್ದು ಇಲ್ಲಿ.

ಹೂವಾಡಗಿತ್ತಿ ಪಾತ್ರ ವಯಸ್ಸಿನಲ್ಲಿ ಹಿರಿಯ ನಟಿಯೊಬ್ಬರಿಗೆ ಹೋಯಿತು. ಈಕೆಗೆ ಮೇಳದಲ್ಲಿ ಜಾಗ, ಜೊತೆಗೆ ಹೂವಾಡಗಿತ್ತಿಗೆ ಬದಲಿ ಕಲಾವಿದೆಯ ಹೊಣೆ. ತಾಲೀಮಿನ ಮೊದಲ ದಿನ ನಾಲ್ಕು ಹಾಡಿನ ಹಾಳೆ ಕೈಗೆ ಬಂತು. ನಾಲ್ಕರ ತಲೆಯ ಮೇಲೂ ಒಂದೇ ಶ್ರುತಿ ಬರೆದಿತ್ತು: ಕಪ್ಪು ಒಂದು. ತಂಡದ ಬಳಿ ಇರುವುದು ಒಂದೇ ಜೊತೆ ತಬಲ.